ಮಂತ್ರಿಗೆ ರೊಟ್ಟಿ ಬಡಿಸಿದವರು

ನಮ್ಮ ಅತ್ತೆಯವರ ಹುಬ್ಬಿನ ಮೇಲೆ ಸದಾ ನೂಲಿನ ನವಿರು ಕೂತಿರುತ್ತಿತ್ತು. ಹುಬ್ಬು ಹಸಿರಿದ್ದರೆ ಮಗ್ಗದಲ್ಲಿ ಹಸಿರು ಸೀರೆ, ಕೆಂಪಿದ್ದರೆ ಕೆಂಪು. ಲೋಕಾಪುರದಿಂದ ಬನಹಟ್ಟಿಗೆ ಸೊಸೆಯಾಗಿ ಬಂದ ನಾನು ಮನೆಯ ಕಸುಬನ್ನು ಮೊದಲು ಓದಿದ್ದು ಆ ಹುಬ್ಬಿನಲ್ಲೇ.

ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಕಂಡಿಕೆಗೆ ನೂಲು ಸುತ್ತುತ್ತ ನನ್ನ ಮಗಳಿಗೆ ಒಂದು ಕಾಮಿಕ್ಸ್ ಪುಸ್ತಕದ ಕಥೆ ಹೇಳುತ್ತಿದ್ದರು. ಕೋಟೆಯ ರಾಣಿ, ಬಿಳಿ ಮೀಸೆಯ ಮುದಿ ಮಂತ್ರಿ. ಚಿತ್ರ ಪುಸ್ತಕದ್ದು, ಮಾತು ಅತ್ತೆಯವರದು. ಅವರ ಕಥೆಯಲ್ಲಿ ಮಂತ್ರಿ ರಾಣಿಯ ಸೋದರಮಾವ. ಪುಟ ತಿರುವಿದಾಗೆಲ್ಲ ರಾಣಿ ಕರೆಯುತ್ತಾಳೆ: "ಮಾವಾ, ಕೈಕಾಲ ತೊಳ್ಕೊಂಡ ಬಾ. ರೊಟ್ಟಿ ಆರಾಕತ್ತಾವ."

ಅದೇ ಕಥೆ ಟೀವಿಗೆ ಧಾರಾವಾಹಿಯಾಗಿ ಬಂತು. ನಮ್ಮ ಟೀವಿ ಇರುವುದು ಮಗ್ಗಗಳ ಪಕ್ಕದ ಖೋಲಿಯಲ್ಲಿ. ಆ ಖಟಪಟದಲ್ಲಿ ನಾವು ಟೀವಿ ನೋಡುವವರೇ ಹೊರತು ಕೇಳುವವರಲ್ಲ. ಹಾಗಾಗಿ ಅಲ್ಲೂ ಅತ್ತೆಯವರೇ ಮೊಮ್ಮಗಳ ಕಿವಿಗೆ ಬಾಯಿಟ್ಟು ಎಲ್ಲರ ಮಾತೂ ಆಡುತ್ತಿದ್ದರು. ನಡುವೆ ನನಗೊಂದು ದೂರು: "ಪುಸ್ತಕದಾಗ ರಾಣಿ ಸೀರಿ ಎಷ್ಟ ಛಲೋ ಇತ್ತು! ಇವ್ರು ಕಿಟಕಿ ಪರದಾ ಸುತ್ಯಾರ ನೋಡ."

ಅಮಾವಾಸ್ಯೆ ಬಂತು. ಅಂದು ನಮ್ಮಲ್ಲಿ ಮಗ್ಗ ನಿಲ್ಲಿಸಿ ಪೂಜೆ. ಓಣಿಯೆಲ್ಲ ಗಪ್ಪಾಗಿ, ಟೀವಿಗೆ ಮೊದಲ ಸಲ ಬಾಯಿ ಬಂತು. ಮಂತ್ರಿ ಶತ್ರುವಿಗೆ ಹೇಳುತ್ತಿದ್ದ, ನಾಳೆ ಕೋಟೆಯ ಬಾಗಿಲು ತೆರೆದಿಡುತ್ತೇನೆಂದು.

ಮಗಳು ಅಜ್ಜಿಯ ತೊಡೆಯಿಂದ ಎದ್ದೇಬಿಟ್ಟಳು. "ಅಂವ ಕಳ್ಳ! ದಿನಾ ಸುಳ್ಳ ಹೇಳಿದಿ. ನಿನ್ನ ಕಥಿ ಇನ್ನ ನನಗ ಬ್ಯಾಡ."

ಅತ್ತೆಯವರ ಮುಖ ಬಾಡಿತು. ಪುಸ್ತಕ ತಂದು ನನ್ನ ಕೈಗಿತ್ತರು. "ನೀ ಓದಿ ನೋಡವಾ. ಇದರಾಗೂ ಅಂವ ಹಂಗ ಅದಾನೇನ?"

ಓದಿದೆ. ಪುಸ್ತಕದ ಮಂತ್ರಿ ದ್ರೋಹಿಯಲ್ಲ. ರಾಣಿಗಿಟ್ಟ ವಿಷದ ಹಾಲನ್ನು ತಾನೇ ಕುಡಿದು, ಅವಳ ತೊಡೆಯ ಮೇಲೆ ಪ್ರಾಣ ಬಿಡುತ್ತಾನೆ.

"ಸಾಯ್ತಾನ?" ಅತ್ತೆಯವರು ಚಿತ್ರದ ಮೇಲೆ ಕೈಯಾಡಿಸಿದರು. "ಉಂಡು, ಹಾಲ ಕುಡದು ಮಲಗ್ಯಾನ ಅಂತ ತಿಳದಿದ್ನೆಲ್ಲ ನಾ."

ಬೆನ್ನು ಮಾಡಿ ನಿಂತಿದ್ದ ಮಗಳು ತಿರುಗಿದಳು. "ಮತ್ತ ಖರೇದ ಯಾವದ?"

"ಅವ್ರವ್ರ ಮಂತ್ರಿ ಅವ್ರಿಗೆ ಇರ್ಲಿ. ದಿನಾ ನನ್ನ ರೊಟ್ಟಿ ಉಂಡಾಂವಗ ಕಳ್ಳ ಅನ್ನಾಕ ನನಗ ಬಾಯಿ ಬರೂದಿಲ್ಲ. ಸಾಯಾಕೂ ಬಿಡೂದಿಲ್ಲ."

ಹುಡುಗಿ ಚಿತ್ರದ ಮಂತ್ರಿಯ ಮೇಲೆ ಬೆರಳಿಟ್ಟಳು. "ಇವತ್ತ ಏನ ಉಂಡಾನ?"

"ಅಮಾಸಿ ಅಲ್ಲಬೇ? ಹೋಳಿಗಿ!"

ಮತ್ತೆ ತೊಡೆ ಏರಿದಳು.

ಅತ್ತೆಯವರು ಕಳೆದ ಚಳಿಗಾಲದಲ್ಲಿ, ಮಧ್ಯಾಹ್ನದ ಊಟ ಮುಗಿಸಿ ಅಡ್ಡಾದವರು ಏಳಲಿಲ್ಲ. ಹುಬ್ಬಿನ ಮೇಲೆ ಹಳದಿ ನೂಲಿತ್ತು. ಒರೆಸಲು ನನಗೆ ಕೈ ಬರಲಿಲ್ಲ.

ಮಗಳಿಗೀಗ ಓದು ಬರುತ್ತದೆ. ಪುಸ್ತಕದಲ್ಲಿ ಏನಿದೆಯೆಂದು ಅವಳಿಗೆ ಗೊತ್ತು. ಮೊನ್ನೆ ಅಮಾವಾಸ್ಯೆಗೆ ಮಗ್ಗಗಳು ನಿಂತಿದ್ದವು. ಟೀವಿಯಲ್ಲಿ ಅದೇ ಧಾರಾವಾಹಿ ಮತ್ತೆ ಹಾಕಿದ್ದರು. ಮಂತ್ರಿ ಬಾಯಿ ತೆರೆಯುವಷ್ಟರಲ್ಲಿ ಅವಳು ರಿಮೋಟ್ ಒತ್ತಿ ಆವಾಜು ಪೂರ್ತಿ ಇಳಿಸಿದಳು. ಆಮೇಲೆ ನನ್ನ ಕಿವಿಗೆ ಬಾಯಿಟ್ಟಳು:

"ಮಾವಾ, ಕೈಕಾಲ ತೊಳ್ಕೊಂಡ ಬಾ. ರೊಟ್ಟಿ ಆರಾಕತ್ತಾವ."