ಅರ್ಧ ಗೇಣಿನ ಸಂದು

ಚಳ್ಳಕೆರೆಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಕೋಪ ನನಗೆ ಮೂಗಿನ ತುದಿಯಲ್ಲೇ ಎಂದು ಮಕ್ಕಳಿಗೆಲ್ಲ ಗೊತ್ತು. ಮೊನ್ನೆ ಕಿರುಪರೀಕ್ಷೆಯಲ್ಲಿ ‘ಬಿರುಕು’ ಪದಕ್ಕೆ ಸಮಾನಾರ್ಥಕ ಪದಗಳನ್ನು ಕೇಳಿದ್ದೆ. ಸೀಳು, ಸಂದು, ಕಂಡಿ, ತೆರಪು ಎಂದು ಬರೆದಿದ್ದರು. ಸರಿ ಗುರುತು ಹಾಕುತ್ತಾ ಹೋದವಳು ನಡುವೆ ಪೆನ್ನು ಹಿಡಿದು ಸುಮ್ಮನೆ ಕೂತುಬಿಟ್ಟೆ. ಇವೆಲ್ಲ ಒಂದೇ ಎಂದು ಯಾವ ಬಾಯಲ್ಲಿ ಹೇಳಲಿ? ಹೋದ ವರ್ಷ ಬೇಕಾದಾಗ ಇವುಗಳಲ್ಲಿ ಒಂದೂ ನನ್ನ ನಾಲಿಗೆಗೆ ಬರಲಿಲ್ಲ.

ಅವ್ವ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದಳು. ನಮ್ಮ ಮನೆಯಲ್ಲಿ ಮಗ್ಗದ ಮುಂದೆ ‘ಹರಿಯಿತು’ ಅನ್ನುವಂತಿರಲಿಲ್ಲ, ಅದು ಅಪಶಕುನ. ಎಳೆ ಹರಿದರೆ ‘ಎಳೆ ಬಿಟ್ಟೈತೆ’ ಅನ್ನಬೇಕು. ಅದನ್ನು ಗಮನಿಸದೆ ನೇಯ್ದು ಬಟ್ಟೆಯಲ್ಲಿ ಗೆರೆ ಮೂಡಿದರೆ ‘ಸಂದು’. ಸೀರೆಯ ತುದಿಗೆ ಕುಚ್ಚು ಕಟ್ಟಲೆಂದು ನೇಯದೆ ಬಿಡುವ ಜಾಗ ‘ತೆರಪು’. ಚಿಕ್ಕವಳಿದ್ದಾಗ ಒಮ್ಮೆ ಬಾಯ್ತಪ್ಪಿ ‘ಅವ್ವಾ, ಹರೀತು’ ಅಂದದ್ದಕ್ಕೆ ಬೆನ್ನಿಗೆ ಬಿದ್ದ ಗುದ್ದು ಇನ್ನೂ ನೆನಪಿದೆ.

ಹೋದ ವರ್ಷದ ಆ ಭಾನುವಾರ ಬೆಳಿಗ್ಗೆ ನಾನು ಊರು ಮುಟ್ಟುವಷ್ಟರಲ್ಲಿ ಅವ್ವ ಸೀರೆ ಮುಗಿಸಿ ಮಗ್ಗದಿಂದ ಕತ್ತರಿಸಿಟ್ಟಿದ್ದಳು. ರೇಷ್ಮೆ ಕೊಟ್ಟು ನೇಯಿಸುವ ಸಾಹುಕಾರರು ಹತ್ತು ಗಂಟೆಗೆ ಬರುವವರಿದ್ದರು. ಹಿಂದಿನ ಸೀರೆ ಸಂದು ಬಿದ್ದು ವಾಪಸಾಗಿತ್ತು. ‘ಇದೊಂದು ನೋಡಿ ಆಮೇಲೆ ಮಾತಾಡೋಣ’ ಅಂದಿದ್ದರು. ಇದೂ ಕೆಟ್ಟರೆ ಅವ್ವನಿಗೆ ಇನ್ನು ರೇಷ್ಮೆ ಇಲ್ಲ, ಮಗ್ಗವೂ ಇಲ್ಲ. ಮಗ್ಗವಿಲ್ಲದ ಅವ್ವನನ್ನು ನಾನು ಹುಟ್ಟಿದಾಗಿನಿಂದ ಕಂಡವಳಲ್ಲ.

“ಬೆಳಕಿಗೆ ಹಿಡಿದು ನೀಟಾಗಿ ಮಡಚೇ. ಮೈಮೇಲೆ ನೀರು ಹಾಕ್ಕೊಂಡು ಬರ್ತೀನಿ,” ಎಂದು ಅವ್ವ ಬಚ್ಚಲಿಗೆ ಹೋದಳು.

ಬಾಗಿಲಲ್ಲಿ ನಿಂತು ಸೀರೆಯನ್ನು ಬಿಸಿಲಿಗೆ ಹಿಡಿದೆ. ತುದಿಯಲ್ಲಿ, ಕುಚ್ಚಿನ ತೆರಪಿನಿಂದ ಅರ್ಧ ಗೇಣು ಉದ್ದಕ್ಕೆ, ಕೂದಲಿನಷ್ಟು ತೆಳ್ಳನೆಯ ಬಿಳಿ ಗೆರೆ. ಹಿಂದೆಲ್ಲ ಎಳೆ ಬಿಟ್ಟ ಮರುಗಳಿಗೆಗೇ ಅವ್ವನ ಕೈ ನಿಲ್ಲುತ್ತಿತ್ತು. ಅರ್ಧ ಗೇಣು ನೇಯ್ದಿದ್ದಾಳೆಂದರೆ ಅವಳಿಗೆ ಕಂಡೇ ಇಲ್ಲ. ಕಣ್ಣು ಮಂಜಾಗಿದೆ ಎಂದು ಒಂದು ಮಾತು ಹೇಳದೆ ಬಚ್ಚಿಟ್ಟಿದ್ದಾಳೆ. ಸಿಟ್ಟು ಬಂತು.

ಹೇಗೆ ಹೇಳುವುದು? ‘ಎಳೆ ಬಿಟ್ಟೈತೆ’ ಅಂದರೆ ‘ಎಲ್ಲಿ, ತೋರಿಸು’ ಅನ್ನುತ್ತಾಳೆ. ತೋರಿಸಿದರೆ ಅವಳಿಗೆ ಕಾಣುವುದಿಲ್ಲ. ‘ಸಂದು’ ಅಂದರೆ ಸಾಹುಕಾರರು ಬರುವ ಮುಂಚೆಯೇ ತಪ್ಪಿತಸ್ಥಳಂತೆ ಕೂರುತ್ತಾಳೆ. ಗೋಡೆಯ ಗಡಿಯಾರ ಒಂಬತ್ತೂ ಹತ್ತು ತೋರಿಸುತ್ತಿತ್ತು. ಮಕ್ಕಳಿಗೆ ದಿನಾ ಪದ ಕಲಿಸುವ ನಾನು ಬಾಯಿ ಮುಚ್ಚಿಕೊಂಡು ಸೂಜಿ ಹುಡುಕಿದೆ.

ಅದೇ ಬಣ್ಣದ ರೇಷ್ಮೆ ಎಳೆ ಪೋಣಿಸಿ, ಒಂದು ಅಡ್ಡ ಎಳೆಯ ಮೇಲೆ, ಇನ್ನೊಂದರ ಕೆಳಗೆ ಸೂಜಿ ಹಾಯಿಸುತ್ತಾ ಬಂದೆ. ಚಿಕ್ಕಂದಿನಲ್ಲಿ ಅವ್ವನೇ ಕಲಿಸಿದ್ದು. ಬಚ್ಚಲಲ್ಲಿ ಚೊಂಬಿನ ಸದ್ದು ಕೇಳುವವರೆಗೂ ಧೈರ್ಯ. ಸದ್ದು ನಿಂತಾಗ ಒಂದು ಕಡೆ ಎಳೆ ತಪ್ಪಿತು, ಬಿಚ್ಚಿ ಮತ್ತೆ ಹಾಕಿದೆ. ಅವ್ವ ದೇವರ ಮನೆಯಲ್ಲಿ ಗಂಟೆ ಬಾರಿಸಿದಳು. ಇನ್ನೂ ನಾಲ್ಕು ಬೆರಳು ಉಳಿದಿತ್ತು. ಕಡೆಯ ಎಳೆ ಕತ್ತರಿಸುವುದಕ್ಕೂ ಹೊರಗೆ ಸ್ಕೂಟರ್ ನಿಲ್ಲುವುದಕ್ಕೂ ಸರಿಹೋಯಿತು. ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡೆ.

ಸಾಹುಕಾರರು ಸೀರೆಯನ್ನು ಬಾಗಿಲಿಗೆ ಹಿಡಿದು ಒಂದೊಂದೇ ಮೊಳ ಸರಿಸಿದರು. ನಾನು ಅವರ ಹುಬ್ಬನ್ನೇ ನೋಡುತ್ತಿದ್ದೆ. ತುದಿಯವರೆಗೂ ನೋಡಿ “ಬಾಗುಂದಕ್ಕಾ,” ಎಂದು ತೆಲುಗಿನಲ್ಲೇ ಮೆಚ್ಚಿದರು. ಚೀಲದಿಂದ ಹೊಸ ರೇಷ್ಮೆಯ ಗಂಟು ತೆಗೆದು ಅವ್ವನ ಮುಂದಿಟ್ಟರು. ಗೆದ್ದೆ ಅಂದುಕೊಂಡೆ.

ಸೀರೆ ಮನೆ ಬಿಡುವ ಮುಂಚೆ ಅವ್ವ ಕಣ್ಣು ಮುಚ್ಚಿ ಅದರ ಮೇಲೆ ಉದ್ದಕ್ಕೂ ಅಂಗೈ ಆಡಿಸಿ, ಆಮೇಲೆ ಕೈ ಮುಗಿಯುವುದು ವಾಡಿಕೆ. ಗಡಿಬಿಡಿಯಲ್ಲಿ ನಾನು ಇದನ್ನು ಮರೆತೇಬಿಟ್ಟಿದ್ದೆ. ಅವಳ ಕೈ ತುದಿಗೆ ಬಂದು ನಿಂತಿತು. ಹಿಂದೆ ಹೋಯಿತು, ಮತ್ತೆ ಬಂತು. ಕಣ್ಣು ತೆರೆದು ನನ್ನ ಸೆರಗಿನ ಕಡೆ ನೋಡಿದಳು. ಸೂಜಿ ಕಂಡಿರಲಾರದು. ಆದರೂ ನಾನು ಕೈ ಅಡ್ಡ ಇಟ್ಟುಕೊಂಡೆ.

“ಈ ರೇಷ್ಮೆ ವಾಪಸ್ ತಗೊಂಡು ಹೋಗ್ರಿ,” ಅಂದಳು.

“ಯಾಕಕ್ಕಾ? ಸೀರೆ ಚೆನ್ನಾಗೈತಲ್ಲ.”

“ಚೆನ್ನಾಗೈತೆ. ಆದ್ರೆ ಈ ಅರ್ಧ ಗೇಣು ನಾ ನೇಯ್ದಿದ್ದಲ್ಲ, ನನ್ನ ಮಗಳದು. ನೋಡಿ ತಗೊಳ್ರಿ.”

ಅವರು ಒಂದು ಗಳಿಗೆ ನನ್ನನ್ನೂ ಅವಳನ್ನೂ ನೋಡಿದರು. ಸೀರೆಯನ್ನೂ ರೇಷ್ಮೆಯನ್ನೂ ಚೀಲಕ್ಕೆ ಹಾಕಿಕೊಂಡರು. ಸ್ಕೂಟರ್ ಸದ್ದು ದೂರವಾಯಿತು.

“ಸುಮ್ನಿದ್ದಿದ್ರೆ ಏನಾಗ್ತಿತ್ತವ್ವಾ? ಅವರಿಗೆ ಗೊತ್ತೇ ಆಗಿರಲಿಲ್ಲ,” ಎಂದು ರೇಗಿದೆ. ರೇಗಿದ್ದು ಅವಳ ಮೇಲಲ್ಲ.

“ನನಗೆ ಗೊತ್ತಾಯ್ತಲ್ಲ,” ಅಂದಳು. “ಸಂದು ನನ್ನ ಕೈಗೆ ಸಿಕ್ಕಿರಲಿಲ್ಲ ಕಣೇ. ನೀ ಹಾಕಿದ ಎಳೆ ಸಿಕ್ತು.”

ಎದ್ದು ಹೋಗಿ ಮಗ್ಗದ ಮುಂದೆ ಕೂತಳು. ಉಳಿದಿದ್ದ ಹಾಸಿನ ಉದ್ದನೆಯ ಎಳೆಗಳ ನಡುವೆ ಬೆರಳಾಡಿಸಿ, ತಡವಿ ತಡವಿ, ಜೋತುಬಿದ್ದಿದ್ದ ಒಂದು ತುದಿಯನ್ನು ಹಿಡಿದು ನನ್ನತ್ತ ಎತ್ತಿದಳು.

“ನೋಡು,” ಅಂದಳು. “ಹರಿದೈತೆ.”