ಪಿ.ಟಿ. ಮೇಷ್ಟ್ರ ಸುಣ್ಣದ ಗೆರೆ

ಕಳೆದ ವಾರ ರೇಷ್ಮೆ ಗೂಡು ನೋಡಲೆಂದು ಬೈರಮಂಗಲದ ಕಡೆ ಹೋಗಿದ್ದೆ. ಹುಳುಮನೆಯಲ್ಲಿ ಒಬ್ಬ ಹೆಂಗಸು ತೆಳ್ಳನೆ ಬಟ್ಟೆಯಲ್ಲಿ ಸುಣ್ಣದ ಪುಡಿ ಕಟ್ಟಿಕೊಂಡು, ಜ್ವರಕ್ಕೆ ಕೂತು, ಅಂದರೆ ತಿನ್ನುವುದು ನಿಲ್ಲಿಸಿ, ಪೊರೆ ಬಿಡುತ್ತಿದ್ದ ಹುಳುಗಳ ಮೇಲೆ ಉದುರಿಸುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಪಿ.ಟಿ. ಮೇಷ್ಟ್ರು ಕಣ್ಣ ಮುಂದೆ ಬಂದು ನಿಂತರು...

ರಾಮನಗರದ ನಮ್ಮ ಹೈಸ್ಕೂಲಿನಲ್ಲಿ ಅವರು ಫುಟ್‌ಬಾಲ್ ಕಲಿಸುತ್ತಿದ್ದರು. ಹುಳು ಸಾಕುವವರ ಮನೆಗಳಲ್ಲಿ ಮಿಕ್ಕ ಸುಣ್ಣ ಬೇಡಿ ತಂದು, ಪ್ರತಿ ಭಾನುವಾರ ಬೆಳಿಗ್ಗೆ ಮೈದಾನಕ್ಕೆ ತಾವೇ ಗೆರೆ ಎಳೆಯುವರು. ಸೊಟ್ಟಗಾದರೆ ಅಳಿಸಿ ಮತ್ತೆ. ಚನ್ನಪಟ್ಟಣ, ಮಾಗಡಿ, ಕನಕಪುರದಿಂದ ಆಡಲು ಬರುವವರು ಆ ಗೆರೆ ನೋಡಿಯೇ ಶೂ ದಾರ ಬಿಗಿದುಕೊಳ್ಳುತ್ತಿದ್ದರು. ಮೇಷ್ಟ್ರಿಗಿದ್ದದ್ದು ಒಂದೇ ಆಸೆ. "ಎದೆ ಮೇಲೆ ನಮ್ಮೂರ ಹೆಸರು ಬರ್ಕಂಡು, ಸಂಬಳಕ್ಕೆ ಆಡೋ ಟೀಮು ಈ ಗೆರೆಯೊಳಗೆ ಆಡ್ಬೇಕು ಕಣ್ಲಾ. ಚೆನ್ನಾಗಿ ಆಡೋರ್ನೆಲ್ಲ ಎಷ್ಟು ದಿನಾಂತ ಬೆಂಗ್ಳೂರು ಬಸ್ಸು ಹತ್ತಿಸ್ಲಿ?"

ಅವರ ನಿವೃತ್ತಿಗೆ ಒಂದು ವರ್ಷವಿದ್ದಾಗ ಬೆಂಗಳೂರಿನ ಕ್ಲಬ್ಬೊಂದು ತನ್ನ ಎರಡನೇ ತಂಡಕ್ಕೆ ಚಿಕ್ಕ ಊರು ಹುಡುಕುತ್ತಿತ್ತು. ಮೇಷ್ಟ್ರು ಪತ್ರದ ಮೇಲೆ ಪತ್ರ ಬರೆದು ಕ್ಲಬ್ಬಿನ ಇಬ್ಬರನ್ನು ಮೈದಾನಕ್ಕೆ ಕರೆಸಿದರು. ಅಷ್ಟು ಹೊತ್ತಿಗೆ ನಾನು ಗೂಡು ಮಾರುಕಟ್ಟೆಯಲ್ಲಿ ಮೂಟೆ ಹೊರುವುದನ್ನು ಬಿಟ್ಟು ಗೂಡಿನಿಂದ ನೂಲು ತೆಗೆಯುವ ಸ್ವಂತ ರೀಲಿಂಗ್ ಯೂನಿಟ್ ಹಾಕಿದ್ದೆ. "ಮಾತಿಗೆ ನೀನಿರು. ನಂಗೆ ವಿಸಲ್ ಊದೋದು ಬುಟ್ರೆ ಬ್ಯಾರೆ ಬರಲ್ಲ" ಅಂದರು.

ಮರದ ಕೆಳಗೆ ಕೂತು ಎಳನೀರು ಕುಡಿಯುತ್ತಾ ಬಂದವರು ಹೇಳಿದರು: ಅರ್ಧ ಪಂದ್ಯಗಳು ಇಲ್ಲಿ ನಡೆಯುತ್ತವೆ, ಮೊದಲ ವರ್ಷ ಕ್ಲಬ್ಬಿನದೇ ಹೆಸರು, ಆಮೇಲೆ ಊರಿನ ಹೆಸರೂ ಸೇರುತ್ತದೆ. ಮೇಷ್ಟ್ರ ಮುಖ ಅರಳಿತು. ನಾನು ಮೆಲ್ಲಗೆ ಅವರ ಮಂಡಿ ಒತ್ತಿದೆ. ವ್ಯಾಪಾರದಲ್ಲಿ ಸಂತೋಷ ತೋರಿಸಿದವನು ಅರ್ಧ ಸೋತಂತೆ.

"ಎಲ್ಲಾ ಪಂದ್ಯನೂ ಇಲ್ಲೇ. ಹೆಸರು ಮೊದಲ ದಿನದಿಂದ. ಆಗೋದಾದ್ರೆ ಮಾತಾಡಿ" ಅಂದೆ.

"ಅದು ಕಷ್ಟ ಆಗುತ್ತೆ ಸರ್."

ನಾನು ಎದ್ದು ಪ್ಯಾಂಟು ಕೊಡವಿದೆ. "ಬನ್ನಿ ಸಾ, ಹೋಗವ."

ಈಗ ಗೂಡಿನ ಹರಾಜೆಲ್ಲ ಮೊಬೈಲಿನಲ್ಲಿ. ನಾನು ಕಲಿತದ್ದು ಬಾಯಿಮಾತಿನ ವ್ಯಾಪಾರ. ರೇಟು ಹೇಳಿ ಎದ್ದು ಹೋಗಬೇಕು. ಹತ್ತು ಹೆಜ್ಜೆ ಇಡುವುದರೊಳಗೆ ರೈತ "ಬನ್ನಿ ಅಣ್ಣಾ" ಎಂದು ಕರೆಯುತ್ತಾನೆ. ಅವತ್ತು ಗೇಟಿನವರೆಗೆ ನಡೆದೆವು. "ತಿರುಗಿ ನೋಡ್ಬೇಡಿ ಸಾ" ಎಂದರೂ ಮೇಷ್ಟ್ರು ಒಮ್ಮೆ ತಿರುಗಿದರು. ಕರೆ ಬರಲಿಲ್ಲ. ಕಾರಿನ ಬಾಗಿಲು ಹಾಕಿದ ಸದ್ದು ಕೇಳಿತು. ವಾಪಸ್ ಹೋಗಲು ಕಾಲು ಎತ್ತಿದ ಮೇಷ್ಟ್ರನ್ನು ತೋಳು ಹಿಡಿದು ನಿಲ್ಲಿಸಿದೆ. "ನಾಳೆ ಅವ್ರೇ ಫೋನ್ ಮಾಡ್ತಾರೆ, ನೋಡ್ತಾ ಇರಿ."

ಮಾಡಲಿಲ್ಲ. ತಿಂಗಳು ಕಳೆದ ಮೇಲೆ ಮೇಷ್ಟ್ರೇ ಮಾಡಿದರೆ, "ನೀವೇ ಬೇಡ ಅಂತ ಎದ್ದು ಹೋದ್ರಲ್ಲ ಸರ್" ಎಂದರಂತೆ. ಅಷ್ಟರಲ್ಲಿ ಬೇರೊಂದು ಊರಿನವರು ಅರ್ಧಕ್ಕೇ ಒಪ್ಪಿ ತಂಡವನ್ನು ಕರೆದುಕೊಂಡಿದ್ದರು.

ತಪ್ಪಾಯಿತು ಎಂದು ಹೇಳಲು ಅವರ ಮನೆಗೆ ಹೋದೆ. ಬಯ್ಯುತ್ತಾರೆಂದುಕೊಂಡಿದ್ದೆ. ಅವರು ಕಾಫಿ ಲೋಟ ಮುಂದಿಟ್ಟು ಕೇಳಿದರು. "ಲೇ ಯಾಪಾರಸ್ಥ, ರೈತ ಯಾಕ್ಲಾ ನಿನ್ನ ವಾಪಸ್ ಕರೀತಾನೆ?"

"ಗೂಡು ಕಾಯಲ್ಲ ಸಾ. ಚಿಟ್ಟೆ ತೂತು ಮಾಡ್ಕಂಡು ಆಚೆ ಬಂದ್ಬುಡ್ತದೆ. ಆಮೇಲೆ ಅದು ನೂಲಿಗೆ ಬರಲ್ಲ."

"ಅವ್ರಿಗೆ ಬ್ಯಾರೆ ಊರುಗಳಿದ್ವು. ಅವತ್ತು ಗೂಡು ಇಟ್ಕಂಡು ಕೂತಿದ್ದೋರು ಯಾರು, ಅವ್ರೋ ನಾವೋ?"

ಲೋಟದಲ್ಲಿ ಕಾಫಿ ಆರಿತು. ಆರಿದ್ದನ್ನೇ ಕುಡಿದು ಎದ್ದೆ...

ಮರುವರ್ಷ ಅವರು ನಿವೃತ್ತರಾದರು. ಭಾನುವಾರದ ಗೆರೆ ಮಾತ್ರ ನಿಲ್ಲಿಸಲಿಲ್ಲ. ಆಮೇಲೊಂದು ಭಾನುವಾರ ಮೈದಾನ ಗೆರೆಯಿಲ್ಲದೆ ಬಿದ್ದಿತ್ತು. ಮೇಷ್ಟ್ರು ತೀರಿಕೊಂಡ ಸುದ್ದಿ ಊರಿಗೆಲ್ಲ ತಿಳಿದದ್ದು ಹಾಗೆಯೇ.

ನಮ್ಮಂಥ ಊರಿಗೆ ತಂಡ ತರಲು ಓಡಾಡುವವರು ಈಗಲೂ ಇದ್ದಾರೆ. ಅವರಿಗೆ ಒಂದು ಮಾತು. ಅರ್ಧ ಸಿಕ್ಕರೆ ಅರ್ಧವನ್ನೇ ಹಿಡಿಯಿರಿ. ಒಂದು ಕಾಲು ಮೈದಾನದೊಳಗೆ ಬಂದರೆ ಇನ್ನೊಂದು ತಾನೇ ಬರುತ್ತದೆ. ಎದ್ದು ಹೋಗುವ ಮುನ್ನ, ಕೆಡುವ ಸರಕು ಯಾರ ಕೈಯಲ್ಲಿದೆ ಎಂದು ನೋಡಿಕೊಳ್ಳಿ.

ಬೈರಮಂಗಲದಿಂದ ಹೊರಡುವಾಗ ಆ ಹೆಂಗಸಿನ ಹತ್ತಿರ ಒಂದಿಷ್ಟು ಸುಣ್ಣ ಕೇಳಿದೆ. "ನೀವು ಹುಳ ಸಾಕಲ್ವಲ್ಲ ಅಣ್ಣಾ, ಸುಣ್ಣ ಯಾಕೆ?" ಎಂದು ನಕ್ಕರು. ನಾನೂ ನಕ್ಕೆ.

ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಹೋಗಿ ಎಳೆದೆ. ಗೆರೆ ಸೊಟ್ಟಗೆ ಬಂತು. ಹಿಂದೆ ನಿಂತು "ಅಳಿಸು ಕಣ್ಲಾ" ಎನ್ನುವವರಿರಲಿಲ್ಲ... ಕಾಲಿನಿಂದ ನಾನೇ ಅಳಿಸಿ ಮತ್ತೆ ಎಳೆದೆ.