ಟ್ರ್ಯಾಕ್ ಹಾಡಿದ ಅಕ್ಕ

ಮೊನ್ನೆ ಕೆಮ್ಮಿಗೆಂದು ಅತಿಮಧುರದ ಬೇರು ಜಜ್ಜುತ್ತಿದ್ದೆ. ಆ ಸಿಹಿಗಂಪು ಮೂಗಿಗೆ ಬಡಿದದ್ದೇ ತಡ, ಕೊಳ್ಳೇಗಾಲದ ವಠಾರದಲ್ಲಿ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದಳು. ಗಂಟಲಿಗೆ ಒಳ್ಳೆಯದೆಂದು ಅದರದೊಂದು ಚೂರು ಸದಾ ಅವಳ ದವಡೆಯಲ್ಲಿರುತ್ತಿತ್ತು...

ಮಾರ್ಟಳ್ಳಿಯ ಚರ್ಚಿನಲ್ಲಿ ತಮಿಳು ಕೀರ್ತನೆ ಹಾಡುತ್ತ ಬೆಳೆದವಳು. ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಮೇಲೆ ಆರ್ಕೆಸ್ಟ್ರಾ ಸೇರಿದಳು. ಹನೂರಾಗಲಿ, ಯಳಂದೂರಾಗಲಿ, ಆರತಕ್ಷತೆಗೆ ಅವಳೇ ಬೇಕು. ಮನೆಯಲ್ಲಿ ರೇಷ್ಮೆ ನೂಲು ಸುತ್ತುವಾಗಲೂ ಹಾಡೇ. ಗೋಡೆಯಾಚೆ ಅವಳು ದನಿ ಎತ್ತಿದರೆ ನಾನು ಮಿಕ್ಸಿ ನಿಲ್ಲಿಸಿಬಿಡುತ್ತಿದ್ದೆ.

ಒಂದು ವರ್ಷ ಅವಳ ಕತ್ತಿನಲ್ಲಿ ಗಂಟು ಕಾಣಿಸಿತು. ಡಾಕ್ಟರು ತಡಮಾಡದೆ ಆಪರೇಷನ್ ಆಗಲಿ ಅಂದರು. ಅದೇ ಹೊತ್ತಿಗೆ ಸಿನಿಮಾದಲ್ಲಿ ಹಾಡಲು ಬೆಂಗಳೂರಿನಿಂದ ಕರೆ ಬಂತು.

"ಮೊದ್ಲು ಕತ್ತು ನೋಡ್ಕೊಳಕ್ಕ," ಅಂದೆ.

"ಕುಯ್ದ್‌ಮೇಲೆ ದನಿ ಉಳೀತದೋ ಇಲ್ವೋ, ಯಾರ್ ಕಂಡವ್ರೆ? ಒಂದೇ ಒಂದ್ ಪಾಟ್ಟು ಆಡ್ಬುಟ್ಟು ಆಸ್ಪತ್ರೆಗ್ ಓಯ್ತೀನಿ ಕಣಮ್ಮಿ."

ರೆಕಾರ್ಡಿಂಗ್ ಮುಂದಕ್ಕೆ ಹೋಗುತ್ತಲೇ ಇತ್ತು. ಅವಳು ಕಾದಳು. ಕೊನೆಗೂ ಹಾಡಿ, ಹಬ್ಬದ ಮುಖ ಮಾಡಿಕೊಂಡು ಬಂದಳು. ಅಷ್ಟರಲ್ಲಿ ಗಂಟು ದನಿಯ ನರಕ್ಕೂ ಹಬ್ಬಿತ್ತಂತೆ. ಆಸ್ಪತ್ರೆಯಿಂದ ಮರಳಿದಾಗ ಗಂಟಲಲ್ಲಿ ಉಳಿದದ್ದು ಬರೀ ಪಿಸುಮಾತು.

"ಬುಡು, ನನ್ ದನಿ ಸಿನ್ಮಾದಲ್ಲಿ ಅದೆಯಲ್ಲ," ಅನ್ನುತ್ತಿದ್ದಳು.

ಸಿನಿಮಾ ಬಂದಾಗ ವಠಾರದವರೆಲ್ಲ ಮ್ಯಾಟಿನಿಗೆ ಹೋದೆವು. ಅವಳು ಹೊಸ ಸೀರೆ ಉಟ್ಟಿದ್ದಳು. ಹಾಡು ಶುರುವಾಗುತ್ತಲೇ ನನ್ನ ಕೈ ಹಿಡಿದಳು. ಅವಳು ವಠಾರದಲ್ಲಿ ಅಭ್ಯಾಸ ಮಾಡಿದ್ದ ರಾಗವೇ, ಅವೇ ಪದಗಳು... ದನಿ ಮಾತ್ರ ಬೇರೆ ಯಾರದೋ. ಅವಳಿಂದ ಹಾಡಿಸಿದ್ದು ಬರೀ ಟ್ರ್ಯಾಕಂತೆ. ಅದನ್ನು ಕೇಳಿಕೊಂಡು ಹೆಸರಾದ ಗಾಯಕಿ ಹಾಡುತ್ತಾರೆ, ಮೊದಲಿನದನ್ನು ಅಳಿಸುತ್ತಾರೆ. ಇದೆಲ್ಲ ನಮಗೆ ಆಮೇಲೆ ತಿಳಿಯಿತು. ಅವಳಿಗೆ ಯಾರೂ ಹೇಳಿರಲಿಲ್ಲ.

ಅವಳು ಬಗ್ಗಿ ಏನೋ ಅಂದಳು. ಹಾಡಿನ ಅಬ್ಬರದಲ್ಲಿ ಕೇಳಿಸಲಿಲ್ಲ. "ಏನಕ್ಕ?" ಅಂದೆ. ಪಾಪ, ಎರಡನೇ ಸಲ ಹೇಳಬೇಕಾಯಿತು.

"ನಂದಲ್ಲ ಕಣಮ್ಮಿ ಇದು."

ಕೆಲವೇ ದಿನಗಳಲ್ಲಿ ಮನೆ ಖಾಲಿ ಮಾಡಿ ಮಾರ್ಟಳ್ಳಿಗೆ ಹೊರಟುಹೋದಳು.

ಹೋದ ವರ್ಷ ಅವಳು ತೀರಿಕೊಂಡಾಗ ಮಣ್ಣಿಗೆ ಹೋಗಿದ್ದೆ. ಪಿಸುಮಾತಷ್ಟೇ ಕೇಳಿ ಬೆಳೆದ ಮೊಮ್ಮಗಳು ಪಕ್ಕ ಬಂದು ಕೂತಳು. "ನಮ್ಮಜ್ಜಿ ಎಂಗ್ ಆಡ್ತಿತ್ತು ಅತ್ತೆ?"

ನಾನು ಕಣ್ಣು ಮುಚ್ಚಿದೆ. ವಠಾರ ಕಂಡಿತು, ನೂಲು ಸುತ್ತುವ ಕೈ ಕಂಡಿತು... ದನಿ ಬರಲಿಲ್ಲ. ಇವತ್ತಿಗೂ ಬಂದಿಲ್ಲ.